ಸಿಮೆಂಟಿನ ಮೇಲೆ ಸ್ನಾನ



ಇಂದಿನ ಚಿಂತನೆಯ ಸರದಿ ನನ್ನದು. ಯಾವುದಾದರೂ ಸುತ್ತವನ್ನು ತೆಗೆದುಕೊಂಡು ವಿವರಿಸೋಣ ಎಂದು ರಾತ್ರಿ ಪುಸ್ತಕ ಹಿಡಿದು ಕುಳಿತಿದ್ದೆ. ಆದರೆ ಕಳೆದ ಬೇಸಿಗೆಯಿಂದ ನನ್ನ ತಲೆಯಲ್ಲಿ ಓಡಾಡುತ್ತಿರುವುದು ನಮ್ಮ ಮನೆಯ ಒಂದು ಕೋಳಿ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ನಾವು ಊರಿನ ಕೇರಿ ಬಿಟ್ಟು ಪಟ್ಟಣದ ಬಡಾವಣೆಗೆ ಬಂದು ಐದು ವರ್ಷವಾಯಿತು. ಸಾಲ ಮಾಡಿ ಕಟ್ಟಿಸಿದ ಮನೆ. ಬರುವಾಗ ಅವ್ವ ಮಂಕರಿಯಲ್ಲಿ ಎರಡು ಹೇಂಟೆ, ಒಂದು ಹುಂಜ ತಂದಳು. ಹಿತ್ತಿಲಲ್ಲಿ ಅವು ಮಣ್ಣು ಕೆರೆದು ಅಲ್ಲಲ್ಲಿ ಗುಂಡಿ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಅದರಲ್ಲಿ ಹೊರಳಾಡುತ್ತಿದ್ದವು. ಒಂದು ದಿನ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಮೇಷ್ಟ್ರೇ, ಮುಂದುಗಡೆ ಇಷ್ಟು ಚೆನ್ನಾಗಿ ಕಟ್ಟಿಸಿದ್ದೀರಿ, ಹಿಂದುಗಡೆ ಹಿಂಗಾ?" ಎಂದರು. ಅವರು ನಗುತ್ತಲೇ ಹೇಳಿದ್ದು. ಬಹುಶಃ ಅದರಲ್ಲಿ ಏನೂ ಇರಲಿಲ್ಲ. ಆದರೆ ನಾನು ಹದಿನೈದು ದಿನದೊಳಗೆ ಗಾರೆಯವರನ್ನು ಕರೆಸಿ ಹಿತ್ತಿಲಿಗೆಲ್ಲ ಸಿಮೆಂಟ್ ಹಾಕಿಸಿದೆ. ಕೋಳಿಗಳಿಗೆ ತಗಡಿನ ಗೂಡು, ನೀರಿನ ತಟ್ಟೆ, ಹೊತ್ತು ಹೊತ್ತಿಗೆ ರಾಗಿ, ನುಚ್ಚು. ಅವಕ್ಕೆ ಇನ್ನೇನು ಕಡಿಮೆ ಎಂದುಕೊಂಡಿದ್ದೆ.

ಕಳೆದ ಏಪ್ರಿಲ್ ರಜೆಯಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದಾಗ ಕೆಂಚು ಹೇಂಟೆ ಬಂದು ಬರೀ ಸಿಮೆಂಟಿನ ಮೇಲೆ ಮಲಗಿತು. ಕಾಲಿನಿಂದ ನೆಲ ಕೆರೆಯಿತು. ರೆಕ್ಕೆ ಅಗಲಿಸಿ, ಇಲ್ಲದ ಮಣ್ಣನ್ನು ಗರಿಗಳೊಳಕ್ಕೆ ಎರಚಿಕೊಂಡಿತು. ಒಂದು ಪಕ್ಕಕ್ಕೆ ಹೊರಳಿ ಕತ್ತು ಉಜ್ಜಿತು. ಕೊನೆಗೆ ಎದ್ದು ಮೈಕೊಡವಿತು. ಒಂದು ಚೂರು ಧೂಳೂ ಉದುರಲಿಲ್ಲ. ಅದಕ್ಕೆ ಏನೋ ಕಾಯಿಲೆ ಎಂದು ಗಾಬರಿಯಾಗಿ ಅವ್ವನನ್ನು ಕರೆದೆ. ಅವ್ವ ನೋಡಿ ಹೇಳಿದಳು: "ಕಾಯ್ಲೆ ಅಲ್ಲ ಕನ ಮಗ. ಮೀಯಕ್ಕೆ ಮಣ್ಣಿಲ್ಲ. ಅದ್ಕೇಯ ಸುಳ್ಳುಸುಳ್ಳೇ ಮೀತಾ ಅದ."

ಆಮೇಲೆ ಓದಿ ತಿಳಿದುಕೊಂಡೆ. ಅವ್ವ ಹೇಳಿದ್ದು ಅಕ್ಷರಶಃ ನಿಜ. ಕೋಳಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇದೆ. ಆ ಎಣ್ಣೆಯನ್ನು ಕೊಕ್ಕಿನಿಂದ ಗರಿಗೆ ಸವರಿಕೊಳ್ಳುತ್ತದೆ. ಹಳೆಯ ಎಣ್ಣೆ ಅಂಟಂಟಾದಾಗ ಒಣ ಮಣ್ಣು ಅದನ್ನು ಹೀರುತ್ತದೆ, ಗರಿ ಮತ್ತೆ ಬಿಡಿಬಿಡಿಯಾಗುತ್ತದೆ, ಹೇನು ಕೂರೆಗಳ ಕಾಟವೂ ತಗ್ಗುತ್ತದೆ. ಸಾಮಾನ್ಯವಾಗಿ ಎರಡು ದಿನಕ್ಕೊಮ್ಮೆ, ನಡುಹಗಲಿನಲ್ಲಿ, ಇಪ್ಪತ್ತು ಮೂವತ್ತು ನಿಮಿಷ ಈ ಸ್ನಾನ ನಡೆಯುತ್ತದೆ. ತಾಯಿ ಕಲಿಸಬೇಕಾಗಿಲ್ಲ, ಹುಟ್ಟಿದ ಕೆಲವೇ ದಿನಗಳಲ್ಲಿ ಮರಿ ತಾನಾಗಿ ಶುರುಮಾಡುತ್ತದೆ. ಮೊಟ್ಟೆಗಾಗಿ ತಂತಿಯ ಪಂಜರದಲ್ಲಿ, ಒಂದು ಎ4 ಹಾಳೆಯಷ್ಟು ಜಾಗವೂ ಇಲ್ಲದೆ ಬದುಕುವ ಕೋಳಿಗಳು ಕೂಡ ತಂತಿಯ ಮೇಲೆಯೇ ಹೀಗೆ ಬರಿಗಾಳಿಯಲ್ಲಿ ಮೀಯುತ್ತವೆ. ಯುರೋಪಿನ ಒಕ್ಕೂಟದ ದೇಶಗಳು ಅಂಥ ಬರೀ ಪಂಜರಗಳನ್ನು 2012ರಿಂದ ನಿಷೇಧಿಸಿವೆ. ನಮ್ಮ ದೇಶದಲ್ಲಿ ಅವು ಇನ್ನೂ ಮಾಮೂಲು.

ಅಂದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಆ ಬಯಕೆ ಹೋಗಿರಲಿಲ್ಲ. ಅದರಿಂದ ಮಣ್ಣನ್ನು ಕಿತ್ತುಕೊಂಡವನು ನಾನು. ಏಕೆ ಕಿತ್ತುಕೊಂಡೆ? ಕೋಳಿಯ ಒಳಿತಿಗೆ ಅಲ್ಲ. ಮನೆಯ ಆರೋಗ್ಯಕ್ಕೂ ಅಲ್ಲ. ಪಕ್ಕದ ಮನೆಯವರ ಒಂದು "ಹಿಂಗಾ"ಕ್ಕೆ ಹೆದರಿ.

ಆ ಹೆದರಿಕೆಗೆ ಬೇರು ಇದೆ. ನಾನು ಮೂರನೇ ತರಗತಿಯಲ್ಲಿದ್ದಾಗ ಮೇಷ್ಟ್ರೊಬ್ಬರು ಎಲ್ಲರೆದುರು ನನ್ನನ್ನು ಎಬ್ಬಿಸಿ, "ಮೊದಲು ಸ್ನಾನ ಮಾಡಿಕೊಂಡು ಬಾ" ಎಂದು ಮನೆಗೆ ಕಳಿಸಿದ್ದರು. ಅಂದು ಬೆಳಿಗ್ಗೆಯೇ ಅವ್ವ ನನಗೆ ಬಿಸಿನೀರು ಹುಯ್ದು, ಚರ್ಮ ಕೆಂಪಾಗುವಂತೆ ಬೆನ್ನು ತಿಕ್ಕಿದ್ದಳು. ಮನೆಗೆ ಹೋದರೆ ಅವ್ವ ಕೂಲಿಗೆ ಹೋಗಿದ್ದಳು. ಬಾಗಿಲಲ್ಲಿ ಕುಳಿತು ಯೋಚಿಸಿದೆ: ಮಾಡಿದ ಸ್ನಾನವನ್ನೇ ಮತ್ತೆ ಮಾಡುವುದು ಹೇಗೆ? ಇಂದು ನಾನೇ ಮೇಷ್ಟ್ರು. ಆದರೂ ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಅಂಗಡಿಗೂ ಹೋಗಲಾರೆ.

ಕನ್ನಡದಲ್ಲಿ ಕೊಳೆ ಎಂಬ ಮಾತಿದೆ, ಮೈಲಿಗೆ ಎಂಬ ಮಾತೂ ಇದೆ. ಎರಡೂ ಒಂದೇ ಎಂದು ನಮ್ಮನ್ನು ನಂಬಿಸಿದ್ದಾರೆ. ಕೊಳೆ ಮೈಮೇಲೆ ಇರುತ್ತದೆ, ತೊಳೆದರೆ ಹೋಗುತ್ತದೆ. ನಮಗೆ ಅಂಟಿಸಿದ ಮೈಲಿಗೆ ಇರುವುದು ನೋಡುವವರ ತಲೆಯಲ್ಲಿ. ಅದನ್ನು ನಮ್ಮ ಬಚ್ಚಲಿನ ನೀರಿನಿಂದ ತೊಳೆಯಲು ಆಗುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು. ದನಕರುಗಳು ಕುಡಿಯುತ್ತಿದ್ದ ಕೆರೆ ಅದು. ಮನುಷ್ಯರು ಮುಟ್ಟಿದ್ದಕ್ಕೆ ಸವರ್ಣೀಯರು ಹಾಲು, ಮೊಸರು, ಸಗಣಿ, ಗಂಜಲದ 108 ಕೊಡಗಳನ್ನು ಅದರಲ್ಲಿ ಮುಳುಗಿಸಿ 'ಶುದ್ಧಿ' ಮಾಡಿದರು. ಸಗಣಿಯಿಂದ ನೀರು ಚೊಕ್ಕಟವಾಯಿತು ಎಂದು ನಂಬಬೇಕಾದರೆ ಚೊಕ್ಕಟ ಎಂಬುದಕ್ಕೂ ಶುದ್ಧಿ ಎಂಬುದಕ್ಕೂ ಸಂಬಂಧವೇ ಇರಬಾರದು. ಅದೇ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ನಮ್ಮವರಿಗೆ ಹೇಳಿದವರೂ ಬಾಬಾಸಾಹೇಬರೇ. ಅದು ಯಾರ ಕಣ್ಣಿಗೋ ಒಳ್ಳೆಯವರಾಗಲು ಹೇಳಿದ್ದಲ್ಲ, ನಮ್ಮ ಸ್ವಾಭಿಮಾನಕ್ಕಾಗಿ ಹೇಳಿದ್ದು. ಈ ವ್ಯತ್ಯಾಸವನ್ನು ನಾನು ಭಾಷಣಗಳಲ್ಲಿ ಹೇಳುತ್ತಿದ್ದೆ. ಹಿತ್ತಿಲಲ್ಲಿ ಮರೆತಿದ್ದೆ.

ಥೇರೀಗಾಥೆಯ ಪುಣ್ಣಿಕಾ ನಿಮಗೆ ನೆನಪಿರಬಹುದು. ಸಾವತ್ಥಿಯ ಅನಾಥಪಿಂಡಿಕನ ಮನೆಯಲ್ಲಿ ನೀರು ಹೊರುತ್ತಿದ್ದ ದಾಸಿ. ಕೊರೆವ ಚಳಿಯಲ್ಲಿ ಪಾಪ ತೊಳೆಯಲೆಂದು ನದಿಯಲ್ಲಿ ನಡುಗುತ್ತಾ ಮೀಯುತ್ತಿದ್ದ ಬ್ರಾಹ್ಮಣನನ್ನು ಆಕೆ ಕೇಳಿದ ಪ್ರಶ್ನೆಯ ಸಾರ ಇಷ್ಟು: ನೀರೇ ಶುದ್ಧಿ ಕೊಡುವುದಾದರೆ ಕಪ್ಪೆ, ಆಮೆ, ಮೊಸಳೆಗಳಿಗೆಲ್ಲ ಮೊದಲು ಸ್ವರ್ಗ ಸಿಗಬೇಕಲ್ಲವೇ? ನಮ್ಮ ಕೆಂಚು ಹೇಂಟೆ ಇದೇ ಪ್ರಶ್ನೆಯನ್ನು ತಿರುವಿ ಹಾಕಿ ಕೇಳಿದಂತಿತ್ತು: ಮಣ್ಣು ಕೊಳಕೇ ಆಗಿದ್ದರೆ ನಾನು ಮಣ್ಣಿನಿಂದ ಚೊಕ್ಕಟವಾಗುವುದು ಹೇಗೆ?

ಭಗವಾನರು ರಾಹುಲನಿಗೆ ಭೂಮಿಯಂತೆ ಧ್ಯಾನಿಸಲು ಹೇಳಿದ್ದು ಮಜ್ಝಿಮ ನಿಕಾಯದಲ್ಲಿದೆ. ಒಳ್ಳೆಯದನ್ನು ಎಸೆಯಲಿ, ಹೊಲಸನ್ನು ಎಸೆಯಲಿ, ನೆಲಕ್ಕೆ ಅಸಹ್ಯವಿಲ್ಲ. ಅಂಥ ನೆಲಕ್ಕೆ ನಾನು ನನ್ನ ನಾಚಿಕೆಯನ್ನು ಸಿಮೆಂಟ್ ಮಾಡಿ ಬಳಿದಿದ್ದೆ.

ಮರುದಿನ ಹಾರೆ ತಂದು ಮೂಲೆಯಲ್ಲಿ ಮೂರು ಅಡಿ ಉದ್ದ, ಮೂರು ಅಡಿ ಅಗಲ ಸಿಮೆಂಟ್ ಒಡೆದೆ. ಒಂದು ಅಡಿ ಆಳ ತೆಗೆದು ಜರಡಿ ಹಿಡಿದ ಒಣ ಮಣ್ಣು, ಒಂದಿಷ್ಟು ಮರಳು ತುಂಬಿದೆ. ಅವ್ವ ಸೌದೆ ಒಲೆಯ ಬೂದಿ ಎರಡು ಬೊಗಸೆ ಬೆರೆಸಿದಳು. ಬೂದಿ ಹೆಚ್ಚಾದರೆ ಕೋಳಿಗೆ ಉಸಿರಿಗೆ ತೊಂದರೆ, ಮಳೆ ಬಿದ್ದರೆ ಮಣ್ಣು ಕೆಸರು. ಹಾಗಾಗಿ ಮೇಲೆ ಒಂದು ತಗಡು ಹೊದಿಸಿದೆವು. ಎರಡು ದಿನ ಕೋಳಿಗಳು ಸುತ್ತ ನಿಂತು ಕತ್ತು ಓರೆ ಮಾಡಿ ನೋಡಿದವು. ಮೂರನೆಯ ದಿನ ಮಧ್ಯಾಹ್ನ ಕೆಂಚು ಇಳಿಯಿತು. ಅದು ಎದ್ದು ಮೈಕೊಡವಿದಾಗ ಎದ್ದ ಧೂಳು ಕಾಂಪೌಂಡಿನ ಎತ್ತರಕ್ಕೆ ಹೋಯಿತು. ಪಕ್ಕದ ಮನೆಯವರು ನೋಡಿದರು. "ಕೋಳಿ ಸ್ನಾನ ಮಾಡ್ತಾ ಇದೆ" ಎಂದೆ. ನನ್ನ ಸ್ವರ ತಗ್ಗಿರಲಿಲ್ಲ.

ಭಾನುವಾರದ ಓದಿನಲ್ಲಿ ಇದನ್ನು ಹೇಳಿದಾಗ ಒಬ್ಬ ತಾಯಿ ಕೇಳಿದರು: "ಹೇನು ಸತ್ತರೆ ಮೊದಲನೇ ಶೀಲ ಏನಾಯಿತು ಸಾರ್? ಆ ಕೋಳಿಯನ್ನೇ ನಾಳೆ ಸಾರು ಮಾಡಿದರೆ?" ಪ್ರಾಮಾಣಿಕ ಪ್ರಶ್ನೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆ ಕಟ್ಟುನಿಟ್ಟಿನ ನಿಯಮವಲ್ಲ, ಬದುಕಿನ ತತ್ವ ಎಂದು ವಿವರಿಸುತ್ತಾರೆ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಅಗತ್ಯ ಬೇರೆ ಎನ್ನುತ್ತಾರೆ. ನಿಯಮವಾದರೆ ಪಾಲಿಸಿ ಮರೆಯಬಹುದು, ತತ್ವವಾದರೆ ದಿನವೂ ವಿವೇಚಿಸಬೇಕು. ನಮ್ಮದು ಮಾಂಸ ತಿನ್ನುವ ಮನೆ, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಅದು ಬದುಕಿರುವ ದಿನಗಳನ್ನು ನನ್ನ ನಾಚಿಕೆಗಾಗಿ ಕಿತ್ತುಕೊಳ್ಳುವ ಅಗತ್ಯ ನನಗೇನಿತ್ತು? ಹೇನಿನ ವಿಷಯದಲ್ಲಿ ನಾನು ಕೊಲ್ಲಲು ಹೊರಟಿಲ್ಲ. ಕೋಳಿಗೆ ತನ್ನ ಮೈಯನ್ನು ತಾನು ನೋಡಿಕೊಳ್ಳಲು ಬಿಟ್ಟಿದ್ದೇನೆ. ಸಾರಿನ ಪ್ರಶ್ನೆಗೆ ನನ್ನಲ್ಲಿ ಇನ್ನೂ ಪೂರ್ತಿ ಉತ್ತರವಿಲ್ಲ. ಆ ತಾಯಿಗೂ ಹಾಗೆಯೇ ಹೇಳಿದೆ.

ಇಂದಿನ ಅಭ್ಯಾಸಕ್ಕೆ ಒಂದು ಮಾತು. ನಾವು ಮಕ್ಕಳಿಗೆ, ವಯಸ್ಸಾದವರಿಗೆ, ಸಾಕಿದ ಪ್ರಾಣಿಗಳಿಗೆ ಎಷ್ಟೋ ಕೊಡುತ್ತೇವೆ. ಕೊಡುವಾಗ "ಇದು ಅವರಿಗೆ ಬೇಕಾದದ್ದೋ, ಜನರ ಕಣ್ಣಿಗೆ ಹೆದರಿ ನಾನು ಮಾಡುತ್ತಿರುವುದೋ?" ಎಂದು ಒಮ್ಮೆ ಕೇಳಿಕೊಳ್ಳೋಣ. ಎರಡನೆಯದಾಗಿದ್ದರೆ ಒಂದು ಮೂಲೆಯನ್ನಾದರೂ ಒಡೆಯೋಣ. ಕೋಳಿ ಸಾಕಿರುವವರು ಇಂದೇ ಒಂದು ಹಳೆಯ ಬಾಣಲಿಯಲ್ಲಾದರೂ ಒಣ ಮಣ್ಣು ತುಂಬಿಡಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ. ಜೈಭೀಮ್.