ಸಾಕು ಎನ್ನುವ ಹೊತ್ತು

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ದೇವರನ್ನು ಅಲ್ಲಗಳೆಯುವವರು ವಿರಳ. ದೇವರಿಗೆ ಹೊತ್ತು ಸಾಲದವರು ಮನೆಮನೆಯಲ್ಲೂ ಇದ್ದಾರೆ. ‘ಪುರಸೊತ್ತು ಎಲ್ಲೈತ್ರಿ?’ ಎಂಬ ಮಾತು ಎರೆಹೊಲದ ಬದುವಿನಲ್ಲೂ ಕೇಳುತ್ತದೆ, ನೇಕಾರರ ಮನೆಯಲ್ಲೂ ಕೇಳುತ್ತದೆ, ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೂ ಕೇಳುತ್ತದೆ. ಕೆಲವರ ಬಾಯಲ್ಲಿ ಅದು ನಿಜ, ಕೆಲವರ ಬಾಯಲ್ಲಿ ನೆಪ. ಎರಡನ್ನೂ ಬೇರ್ಪಡಿಸದೆ ‘ದೇವರಿಗೆ ಸಮಯ ಕೊಡಿ’ ಎಂದು ಉಪದೇಶಿಸುವುದು ಅನ್ಯಾಯವಾದೀತು.

ಈ ನೆಲದಲ್ಲಿ ದೇವರು ಮನುಷ್ಯನಿಗೆ ಬಹಳ ಹತ್ತಿರ ಬಂದಿದ್ದಾನೆ. 12ನೇ ಶತಮಾನದ ಶರಣರು ಅವನನ್ನು ಅಂಗೈ ಮೇಲೆ ತಂದಿಟ್ಟರು. ಇಷ್ಟಲಿಂಗದ ಪೂಜೆಗೆ ಗುಡಿ ಬೇಡ, ಪೂಜಾರಿ ಬೇಡ, ಮುಹೂರ್ತವೂ ಬೇಡ. ನಮಾಜಿಗೂ ಶುಚಿಯಾದ ಒಂದಿಷ್ಟು ಜಾಗ ಸಾಕು. ದಾರಿಯ ದೂರ, ಖರ್ಚು, ನಡುವಿನ ಮಧ್ಯಸ್ಥ ಎಲ್ಲವನ್ನೂ ತೆಗೆದ ಮೇಲೆ ಭಕ್ತ ಕೊಡಬೇಕಾಗಿ ಉಳಿದದ್ದು ಒಂದೇ, ಅವನ ಹೊತ್ತು. ಅದನ್ನು ಅವನ ಪರವಾಗಿ ಇನ್ನೊಬ್ಬರು ಕೊಡಲಾರರು.

ಕೊಡಿಸುವ ಪ್ರಯತ್ನವೇನೋ ಹಳೆಯದೇ. ಇದೇ ಸೀಮೆಯ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ 11ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದವು. ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಚಾಲುಕ್ಯ ಮನೆತನದ ಅಕ್ಕಾದೇವಿ ಆಳಿದ ಶತಮಾನವದು. ಆ ಕಾಲದ ಶಾಸನಗಳಲ್ಲಿ ನಂದಾದೀವಿಗೆಗೆ, ನಿತ್ಯಪೂಜೆಗೆ ಭೂಮಿ ಬಿಟ್ಟ ದಾನಗಳು ಮತ್ತೆಮತ್ತೆ ಬರುತ್ತವೆ. ರಾಜ್ಯಭಾರದಲ್ಲಿ ಮುಳುಗಿದವರು ತಮ್ಮ ಹೆಸರಿನಲ್ಲಿ ದೀಪ ಉರಿಯುತ್ತಿರಲಿ ಎಂದು ಏರ್ಪಾಡು ಮಾಡಿದರು. ಇಂದು ಫೋನಿನಲ್ಲಿ ಹಣ ಕಳಿಸಿ ಅರ್ಚನೆ ಮಾಡಿಸುವವರ ಆಸೆಯೂ ಅದೇ. ದಾನ ದೊಡ್ಡದು, ಅದರಿಂದ ಕೆರೆಗಳಾದವು, ಗುಡಿಗಳು ನಿಂತವು. ಆದರೆ ದಾನಿಯ ಹೆಸರಲ್ಲಿ ದೀಪ ಎಷ್ಟು ಕಾಲ ಉರಿದರೂ ದಾನಿ ತಾನೇ ದೇವರ ಮುಂದೆ ಕೂತಂತಾಗುವುದಿಲ್ಲ.

ಇದಕ್ಕೆ ನಮ್ಮಲ್ಲಿ ಒಂದು ಗಟ್ಟಿಯಾದ ಉತ್ತರ ಸಿದ್ಧವಿದೆ: ದುಡಿಮೆಯೇ ಪೂಜೆಯಾದ ಮೇಲೆ ಬೇರೆ ಹೊತ್ತೇಕೆ? ಈ ಉತ್ತರಕ್ಕೆ ಆಧಾರವೂ ಇದೆ. ಕಾಯಕದಲ್ಲಿ ತೊಡಗಿರುವಾಗ ಗುರು ಎದುರು ಬಂದರೂ, ಲಿಂಗಪೂಜೆ ತಪ್ಪಿದರೂ ಕೈ ನಿಲ್ಲಬಾರದು ಎಂಬ ನಿಲುವು ಶರಣ ಆಯ್ದಕ್ಕಿ ಮಾರಯ್ಯನದು. ಆದರೆ ಮಾರಯ್ಯನನ್ನು ಸಾಕ್ಷಿಗೆ ಕರೆಯುವವರು ಅವನ ಹೆಂಡತಿ ಲಕ್ಕಮ್ಮನನ್ನು ಮರೆಯುತ್ತಾರೆ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಶರಣರ ಗೋಷ್ಠಿಯಲ್ಲಿ ಅವನು ಮೈಮರೆತಾಗ, ಕಾಯಕ ನಿಂತಿದೆ ಎದ್ದು ಹೋಗು ಎಂದವಳು ಲಕ್ಕಮ್ಮ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲ, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದವಳೂ ಅವಳೇ.

ನನ್ನ ವಾದವೆಲ್ಲ ಈ ಎರಡನೆಯ ಮಾತಿನ ಮೇಲೆ ನಿಂತಿದೆ. ದುಡಿಮೆ ಪೂಜೆಯಾಗುವುದು ಅದಕ್ಕೊಂದು ಎಲ್ಲೆ ಇರುವವರೆಗೆ ಮಾತ್ರ. ಹೊಟ್ಟೆಗೂ ದಾಸೋಹಕ್ಕೂ ಸಾಕಾಗುವಷ್ಟು ದುಡಿದವನ ಶ್ರಮ ಕಾಯಕ. ಸಾಕು ಎನ್ನುವ ಗೆರೆ ದಾಟಿ, ಪಕ್ಕದವನ ಅಂಗಡಿಗಿಂತ ತನ್ನ ಅಂಗಡಿ ದೊಡ್ಡದಾಗಲೆಂದು ದುಡಿದ ತಾಸುಗಳು ಲಕ್ಕಮ್ಮ ವಾಪಸು ಕಳಿಸಿದ ಅಕ್ಕಿಯಂಥವು. ದೇವರಿಗೆ ಹೊತ್ತಿಲ್ಲ ಎನ್ನುವ ಉಳ್ಳವರು ಮೊದಲು ಹುಡುಕಬೇಕಾದದ್ದು ಈ ಹೆಚ್ಚುವರಿ ಅಕ್ಕಿಯನ್ನು. ಅವರ ಪುರಸೊತ್ತು ಅದರ ಅಡಿಯಲ್ಲಿದೆ.

‘ನೆನಪಾದಾಗ ನೆನೆದರೆ ಸಾಲದೇ, ಭಕ್ತಿಗೆ ಗಡಿಯಾರವೇಕೆ?’ ಎಂದು ಕೇಳುವವರಿದ್ದಾರೆ. ನಮ್ಮ ದಿನದಲ್ಲಿ ಉಳಿದದ್ದೆಲ್ಲ ಕೂಗಿ ಕರೆಯುತ್ತದೆ. ಸಾಲದ ಕಂತು, ಮಾರುಕಟ್ಟೆಯ ದರ, ಮಗುವಿನ ಹಸಿವು, ಕೈಯಲ್ಲಿರುವ ಫೋನು, ಯಾವುದೂ ಸುಮ್ಮನಿರುವುದಿಲ್ಲ. ದೇವರು ಮಾತ್ರ ಕರೆಯುವುದಿಲ್ಲ, ದೂರು ಹೇಳುವುದಿಲ್ಲ, ದಂಡ ಹಾಕುವುದಿಲ್ಲ. ಕೂಗದವರ ಪಾಲನ್ನು ಮೊದಲೇ ತೆಗೆದಿಡದಿದ್ದರೆ ಕೂಗುವವರು ಅದನ್ನೂ ಒಯ್ಯುತ್ತಾರೆ. ಐದು ಹೊತ್ತಿನ ನಮಾಜು, ಬೆಳಗಿನ ಶಿವಪೂಜೆ, ಶ್ರಾವಣದ ಸಂಜೆಗಳಲ್ಲಿ ಮಠದ ಪುರಾಣ, ಇವೆಲ್ಲ ಹೊತ್ತು ಗೊತ್ತುಮಾಡಿಕೊಂಡಿರುವುದು ಈ ಕಾರಣಕ್ಕೆ.

ಹಾಗೆ ಗೊತ್ತುಮಾಡುವ ಕೆಲಸವನ್ನು ನಮ್ಮ ಹಿರಿಯರು ಒಬ್ಬೊಬ್ಬರ ಮನೋಬಲಕ್ಕೆ ಬಿಡಲಿಲ್ಲ, ಊರಿಗೇ ವಹಿಸಿದರು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅಮಾವಾಸ್ಯೆಗೆ ಗಳೆ ಹೂಡುವಂತಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದರೂ ದುಡಿಯಲಿಕ್ಕಲ್ಲ, ಚರಗ ಚೆಲ್ಲಿ ಉಣ್ಣಲಿಕ್ಕೆ. ಎಲ್ಲರೂ ನಿಲ್ಲಿಸುವುದರಿಂದ ನಿಲ್ಲಿಸಿದವನಿಗೆ ಹಿಂದೆ ಬೀಳುವ ಭಯವಿರಲಿಲ್ಲ, ಎತ್ತಿಗೂ ವಿಶ್ರಾಂತಿ ಸಿಗುತ್ತಿತ್ತು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಅದರ ಬಾಡಿಗೆ ತಾಸಿನ ಲೆಕ್ಕದಲ್ಲಿ ಓಡುತ್ತದೆ, ಪಾಳಿ ಬಂದ ದಿನ ಒಕ್ಕಲಿಗ ಹೊಲದಲ್ಲಿರಲೇಬೇಕು. ಯಂತ್ರದಿಂದ ಮೈನೋವು ಇಳಿದದ್ದು ದೊಡ್ಡ ಉಪಕಾರ. ಅದನ್ನು ಬಿಟ್ಟುಕೊಡಿ ಎನ್ನಲಾರೆ. ಆದರೆ ಎತ್ತಿನ ಜೊತೆಗೆ ಊರೊಟ್ಟಿಗೆ ನಿಲ್ಲುವ ರೂಢಿಯೂ ಕಳೆಯುತ್ತಿದೆ, ಅದರ ಜಾಗಕ್ಕೆ ನಾವು ಬೇರೇನನ್ನೂ ತಂದಿಲ್ಲ.

ಇನ್ನು ಪುರಸೊತ್ತಿಲ್ಲ ಎಂಬ ಮಾತು ನಿಜವಾಗಿರುವವರ ಬಗ್ಗೆ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಬೋರಿನ ನೀರು ಹಾಯಿಸುವವನು ರಾತ್ರಿಯೇ ಹೊಲಕ್ಕೆ ನಡೆಯಬೇಕು. ಮಲಪ್ರಭಾ ಕಾಲುವೆಯ ನೀರು ಬಂದ ಹೊತ್ತೇ ನರಗುಂದದ ರೈತನ ಹೊತ್ತು. ಗಜೇಂದ್ರಗಡದಲ್ಲಿ ಸೀರೆಗಿಷ್ಟೆಂದು ಕೂಲಿ ಪಡೆಯುವ ನೇಕಾರ ಮಗ್ಗದಿಂದ ಎದ್ದಷ್ಟೂ ಅವನ ಗಳಿಕೆ ಕಡಿಮೆ. ಇವರ ಕೈಗೆ ಹೆಚ್ಚುವರಿ ಅಕ್ಕಿ ಬಂದೇ ಇಲ್ಲ, ಹಿಂದಿರುಗಿಸುವುದು ಏನನ್ನು? ಇವರಿಗೆ ಧ್ಯಾನದ ಮಹತ್ವ ಬೋಧಿಸುವ ಮೊದಲು ಹಗಲಲ್ಲಿ ಕರೆಂಟು, ಬೆಳೆಗೆ ಬೆಲೆ, ನೇಯ್ಗೆಗೆ ಬದುಕಬಹುದಾದ ಕೂಲಿ ಕೇಳುವುದು ಭಕ್ತಿಯ ಕೆಲಸವೇ.

ಹೆಂಗಸರ ಹೊತ್ತಿನ ಲೆಕ್ಕವನ್ನಂತೂ ನಾವು ಇಟ್ಟೇ ಇಲ್ಲ. ಗಂಡಸು ಮಡಿಯುಟ್ಟು ಕೂರುವ ಮೊದಲು ನೀರು ಕಾದಿರುತ್ತದೆ, ಹೂವು ಬಂದಿರುತ್ತದೆ, ಜಗಲಿ ಸಾರಿಸಿಯಾಗಿರುತ್ತದೆ. ಅವನ ನೆಮ್ಮದಿಯ ಅರ್ಧ ತಾಸನ್ನು ಅವಳು ತನ್ನ ನಿದ್ದೆಯಿಂದ ಕಡಿದು ಕೊಟ್ಟಿರುತ್ತಾಳೆ. ಆಮೇಲೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿ ಕಳೆ ತೆಗೆಯಲು ಹೋಗುವವಳೂ, ಮನೆಯಲ್ಲಿ ಕೂತು ಕಂಡಿಕೆ ಸುತ್ತುವವಳೂ ಅವಳೇ. ಇನ್ನೊಬ್ಬರ ಹೊತ್ತನ್ನು ಕೇಳದೆ ತೆಗೆದುಕೊಂಡು ದೇವರಿಗೆ ಅರ್ಪಿಸಿದರೆ ಅದು ನಮ್ಮ ಅರ್ಪಣೆ ಹೇಗಾದೀತು?

ಆದ್ದರಿಂದ ದೇವರಿಗೆ ಹೊತ್ತು ಮಾಡುವುದನ್ನು ಒಂಟಿ ಸಾಧನೆ ಎಂದು ನಾನು ಒಪ್ಪುವುದಿಲ್ಲ. ಉಳ್ಳವರು ಸಂಜೆ ಗೊತ್ತಾದ ವೇಳೆಗೆ ಅಂಗಡಿಯ ಬಾಗಿಲು ಹಾಕಿದರೆ ಅಲ್ಲಿ ದುಡಿಯುವ ಹುಡುಗನಿಗೂ ಸಂಜೆ ಸಿಗುತ್ತದೆ. ಗಂಡ ತನ್ನ ಪೂಜೆಯ ನೀರು ತಾನೇ ತಂದು ಹೆಂಡತಿಗೂ ಕೂರುವ ಹೊತ್ತು ಬಿಟ್ಟರೆ ಮನೆಯಲ್ಲಿ ಇಬ್ಬರು ಭಕ್ತರಾಗುತ್ತಾರೆ. ಊರು ಮತ್ತೆ ಒಂದು ದಿನವನ್ನು ಒಟ್ಟಿಗೆ ನಿಲ್ಲುವ ದಿನವೆಂದು ಆರಿಸಿಕೊಂಡರೆ ನಿಲ್ಲಲು ಯಾರೂ ಹೆದರಬೇಕಿಲ್ಲ. ಸಾಕು ಎನ್ನಲು ಕಲಿತವರಿಂದಲೇ ಇದು ಶುರುವಾಗಬೇಕು, ಏಕೆಂದರೆ ಬಿಟ್ಟುಕೊಡಲು ಹೊತ್ತು ಇರುವುದು ಅವರಲ್ಲಿಯೇ.