ತಕ್ಕಡಿಯನ್ನು ತೂಗುವುದು ಯಾವುದು?

ಒಂದೇ ಕಾರನ್ನು ಶಕ್ತಿ ಅಳೆಯುವ ಬೇರೆ ಬೇರೆ ಬಗೆಯ ಎರಡು ಡೈನಮೋಮೀಟರ್‌ಗಳ ಮೇಲೆ ಓಡಿಸಿದರೆ ಎರಡು ಬೇರೆ ಅಂಕಿಗಳು ಬರುವುದು ಮಾಮೂಲು. ಹಾಗಾದರೆ ಅದರ ನಿಜವಾದ ಅಶ್ವಶಕ್ತಿ ಎಷ್ಟು? ಗ್ಯಾರೇಜಿನಲ್ಲಿ ಹುಟ್ಟುವ ಈ ಪ್ರಶ್ನೆಯನ್ನು ಬೌದ್ಧ ದಾರ್ಶನಿಕ ನಾಗಾರ್ಜುನ 'ವಿಗ್ರಹವ್ಯಾವರ್ತನೀ'ಯಲ್ಲಿ ಎಂದೋ ಎತ್ತಿದ್ದ. ವಸ್ತುಗಳು ಪ್ರಮಾಣದಿಂದ, ಅಂದರೆ ಅರಿವಿನ ಸಾಧನದಿಂದ, ಸಿದ್ಧವಾಗುವುದಾದರೆ ಆ ಪ್ರಮಾಣ ಯಾವುದರಿಂದ ಸಿದ್ಧ? ಇನ್ನೊಂದು ಪ್ರಮಾಣದಿಂದ ಎಂದರೆ ಆ ಸರಪಳಿಗೆ ಕೊನೆಯೇ ಇಲ್ಲ.

ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ತಕ್ಕಡಿ ಹಿಡಿದೇ ಉತ್ತರ ಕೊಟ್ಟರು. ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ. ತೂಕ ಗೊತ್ತಿರುವ ಚಿನ್ನವಿಟ್ಟು ಇನ್ನೊಂದು ತಕ್ಕಡಿಯನ್ನು ಪರೀಕ್ಷಿಸುವಾಗ ಆ ತಕ್ಕಡಿಯೇ ಪ್ರಮೇಯ, ಅಂದರೆ ಅರಿಯಬೇಕಾದ ವಸ್ತು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇದನ್ನು ಬಿಡಿಸಿ ಹೇಳುತ್ತಾನೆ.

ಎಡ್ಡಿ ಕರೆಂಟ್ ಡೈನಮೋಮೀಟರಿನಲ್ಲಿ ನಡೆಯುವುದೂ ಇದೇ. ಚಕ್ರಗಳು ತಿರುಗಿಸುವ ರೋಲರ್‌ಗೆ ವಿದ್ಯುತ್ಕಾಂತ ತಡೆ ಒಡ್ಡುತ್ತದೆ. ಆ ತಡೆಯ ಬಲವನ್ನು ತೋಳೊಂದರ ತುದಿಯ ಲೋಡ್ ಸೆಲ್ ಅಳೆಯುತ್ತದೆ. ಲೋಡ್ ಸೆಲ್ ಸರಿಯಿದೆಯೇ ಎಂದು ನೋಡಲು ತಂತ್ರಜ್ಞರು ಅದೇ ಬಗೆಯ ತೋಳಿಗೆ ಗೊತ್ತಿರುವ ತೂಕಗಳನ್ನು ನೇತುಹಾಕುತ್ತಾರೆ. ಅಳೆಯುವ ಯಂತ್ರ ಆ ಹೊತ್ತು ತಾನೇ ಅಳೆಸಿಕೊಳ್ಳುತ್ತದೆ.

ಇನರ್ಷಿಯಾ ಡೈನಮೋಮೀಟರಿನ (ಚಿಕ್ಕದಾಗಿ ಡೈನೋ) ದಾರಿ ಬೇರೆ. ಭಾರೀ ಉಕ್ಕಿನ ರೋಲರ್ ಎಷ್ಟು ಬೇಗ ವೇಗ ಪಡೆಯಿತು ಎಂಬುದರಿಂದ ಅದು ಶಕ್ತಿಯನ್ನು ಲೆಕ್ಕಹಾಕುತ್ತದೆ. ಚಕ್ರ, ಗೇರುಗಳ ವೇಗ ಹೆಚ್ಚಿಸಲು ಖರ್ಚಾದ ಪಾಲು ಅದರ ಲೆಕ್ಕಕ್ಕೆ ಸಿಗದು. ಹಬ್ ಡೈನೋದಲ್ಲಿ ಚಕ್ರವನ್ನೇ ಬಿಚ್ಚಿ ಹಬ್‌ಗೆ ನೇರ ಜೋಡಿಸುವುದರಿಂದ ಟೈರ್ ಜಾರುವ ಮಾತಿಲ್ಲ. ಕಾರ್ಖಾನೆಯ ಎಂಜಿನ್ ಡೈನೋ ಗೇರ್‌ಬಾಕ್ಸನ್ನೂ ಬಿಟ್ಟು ಕ್ರ್ಯಾಂಕ್‌ಶಾಫ್ಟಿನಲ್ಲೇ ಅಳೆಯುತ್ತದೆ. ಇವು ಒಂದೇ ಪ್ರಶ್ನೆಗೆ ಬಂದ ಬೇರೆ ಬೇರೆ ಉತ್ತರಗಳಲ್ಲ, ಪ್ರಶ್ನೆಗಳೇ ಬೇರೆ.

ತಪ್ಪು ನುಸುಳುವುದು ಅನುಮಾನದಲ್ಲಿ, ಅಂದರೆ ತಿಳಿದದ್ದರಿಂದ ತಿಳಿಯದ್ದನ್ನು ಊಹಿಸುವಲ್ಲಿ. ಚಕ್ರದಲ್ಲಿ ಸಿಕ್ಕ ಅಂಕಿಗೆ ಶೇ. 15 ಸೇರಿಸಿ ಎಂಜಿನ್ನಿನ ಶಕ್ತಿ ಇಷ್ಟೆಂದು ಸಾರುವ ರೂಢಿಯಿದೆ. ಗೇರ್‌ಬಾಕ್ಸ್, ಟೈರ್, ವೇಗ ಬದಲಾದಂತೆ ನಷ್ಟವೂ ಬದಲಾಗುವಾಗ ಇಲ್ಲಿ ವ್ಯಾಪ್ತಿ ಎಲ್ಲಿದೆ? ಹೊಗೆಗೂ ಬೆಂಕಿಗೂ ಇರುವಂಥ ಆ ನಿಯತ ಸಂಬಂಧವಿಲ್ಲದೆ ಅನುಮಾನ ನಿಲ್ಲದು.

ಹವೆಯ ತಿದ್ದುಪಡಿ ಇನ್ನೂ ಸೂಕ್ಷ್ಮ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟರಮಟ್ಟಿಗೆ ಸೊರಗುತ್ತದೆ. ಡೈನೋದ ತಂತ್ರಾಂಶ ಆ ಕೊರತೆಯನ್ನು ತುಂಬಿಕೊಟ್ಟು ಆ ರಸ್ತೆಗಳಲ್ಲಿ ಕಾರು ತೋರದ ಅಂಕಿಯೊಂದನ್ನು ಮುದ್ರಿಸುತ್ತದೆ. ತೆಳುಹವೆಯ ಕೊರತೆಯನ್ನು ಬಹುಪಾಲು ತಾನೇ ತುಂಬಿಕೊಳ್ಳುವ ಟರ್ಬೊ ಎಂಜಿನ್ನಿಗೂ ಅದೇ ತಿದ್ದುಪಡಿ ಹಾಕಿದರೆ ಉಬ್ಬಿದ ಅಂಕಿ ಸಿಗುತ್ತದೆ.

ಅಂಕಿಗೆ ತನ್ನದೇ ಆದ ಸ್ವಭಾವವಿಲ್ಲ, ಅದು ಪರಾವಲಂಬಿ ಎಂಬಲ್ಲಿ ನಾಗಾರ್ಜುನನೇ ಸರಿ. ಅಶ್ವಶಕ್ತಿಯ ಮಾನವೂ ಒಂದು ಒಪ್ಪಂದ: ಬ್ರಿಟಿಷ್ ಲೆಕ್ಕದಲ್ಲಿ ಸುಮಾರು 745.7 ವ್ಯಾಟ್, ಮೆಟ್ರಿಕ್ ಲೆಕ್ಕದಲ್ಲಿ 735.5. ಆದರೆ ಪರಾವಲಂಬಿಯಾದದ್ದೆಲ್ಲ ನಂಬಿಕೆಗೆ ಅನರ್ಹವೆಂದು ಯಾರಾದರೂ ಮುಂದುವರಿದರೆ ಅದನ್ನು ಒಪ್ಪಲಾಗದು. ಜ್ಞಾನ ಸರಿಯೋ ತಪ್ಪೋ ಎಂಬುದು ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ ತಿಳಿಯುತ್ತದೆ ಎಂಬ ನ್ಯಾಯದರ್ಶನದ ಮಾತಿಗೆ ಅಮೆರಿಕದಲ್ಲೊಂದು ಗಟ್ಟಿ ನಿದರ್ಶನವಿದೆ. 1999ರ ಮಸ್ಟಾಂಗ್ ಕೋಬ್ರಾಗೆ 320 ಅಶ್ವಶಕ್ತಿ ಎಂದು ಫೋರ್ಡ್ ಘೋಷಿಸಿತ್ತು. ಕೊಂಡವರು ಕಾರನ್ನು ಡೈನೋ ಮೇಲೆ ಹತ್ತಿಸಿದರು. ಸಿಕ್ಕ ಅಂಕಿಗೂ ಘೋಷಣೆಗೂ ನಡುವಿನ ಅಂತರ ಗೇರ್‌ಬಾಕ್ಸಿನ ನಷ್ಟವೆಂದು ತಳ್ಳಿಹಾಕುವಷ್ಟು ಚಿಕ್ಕದಾಗಿರಲಿಲ್ಲ. ಕಂಪನಿ ಮಾರಾಟ ನಿಲ್ಲಿಸಿ, ಮಾರಿದ ಕಾರುಗಳನ್ನು ವಾಪಸು ಕರೆಸಿ, ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಎಕ್ಸಾಸ್ಟ್ ಭಾಗಗಳನ್ನೂ ಬದಲಿಸಿಕೊಟ್ಟಿತು.