‘ಗಂಭೀರ’ ಎಂದರೆ ಎಷ್ಟು?

ಆಡಿಟ್ ಕೆಲಸದಲ್ಲಿ ‘ಮೆಟೀರಿಯಾಲಿಟಿ’ ಎಂಬ ಮಾತಿದೆ. ಕೋಟಿಗಟ್ಟಲೆ ವಹಿವಾಟಿನ ಕಂಪನಿಯಲ್ಲಿ ಐನೂರು ರೂಪಾಯಿ ತಾಳೆಯಾಗದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಷ್ಟರ ಮೇಲೆ ಕೆಡಿಸಿಕೊಳ್ಳಬೇಕು ಎಂಬ ಗೆರೆಯನ್ನು ಮೊದಲೇ ಎಳೆದುಕೊಂಡಿರುತ್ತೇವೆ. ಬೆಂಗಳೂರಿನಲ್ಲಿ ನಾನು ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಹಿರಿಯರೊಬ್ಬರು ಹೇಳುತ್ತಿದ್ದರು: ‘ಲೆಕ್ಕ ತಿದ್ದಬೇಕಾಗಿಲ್ಲ ಕಣಯ್ಯಾ, ಗೆರೆ ಸರಿಸಿದರೆ ಸಾಕು.’

ಬ್ರಿಟನ್ನಿನಲ್ಲಿ ನಡೆದದ್ದು ಇದೇ. 1986ರ ಪಬ್ಲಿಕ್ ಆರ್ಡರ್ ಕಾಯ್ದೆಯ ಪ್ರಕಾರ, ಮೆರವಣಿಗೆಯಿಂದ ಜನಜೀವನಕ್ಕೆ ‘ಗಂಭೀರ’ ಅಡಚಣೆಯಾಗುವಂತಿದ್ದರೆ ಪೊಲೀಸರು ಷರತ್ತು ಹಾಕಬಹುದು. 2023ರ ಜೂನ್‌ನಲ್ಲಿ ಸರ್ಕಾರ ಒಂದು ನಿಯಮಾವಳಿ ತಂದು, ‘ಗಂಭೀರ’ ಎಂದರೆ ‘ಅಲ್ಪಕ್ಕಿಂತ ಹೆಚ್ಚು’ ಎಂದಿತು. ಕೆಲವೇ ತಿಂಗಳ ಹಿಂದೆ ಹೌಸ್ ಆಫ್ ಲಾರ್ಡ್ಸ್ ತಿರಸ್ಕರಿಸಿದ್ದ ಮಾತೇ ಅದು! ಅಲ್ಪಕ್ಕಿಂತ ಹೆಚ್ಚಾದುದೆಲ್ಲ ಗಂಭೀರ ಎಂದು ನಾನು ಆಡಿಟ್ ವರದಿಯಲ್ಲಿ ಬರೆದರೆ ಪಾರ್ಟ್ನರ್ ನಗುತ್ತಾರೆ.

‘ಲಿಬರ್ಟಿ’ ಸಂಸ್ಥೆ ಕೋರ್ಟಿಗೆ ಹೋಯಿತು. 2024ರ ಮೇನಲ್ಲಿ ಹೈಕೋರ್ಟು, 2025ರ ಮೇನಲ್ಲಿ ಮೇಲ್ಮನವಿ ನ್ಯಾಯಾಲಯ, ಆ ನಿಯಮ ಕಾನೂನುಬಾಹಿರ ಎಂದವು. ಸರಿ, ಆದರೆ ಈ ತೀರ್ಪುಗಳು ಬರುವಷ್ಟರಲ್ಲಿ ಎಷ್ಟೋ ಶನಿವಾರಗಳು ಕಳೆದಿದ್ದವು. ನಮ್ಮಲ್ಲೂ ಹಾಗೆಯೇ ಆಗಿತ್ತು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೇರಿದ್ದ 144ನೇ ಸೆಕ್ಷನ್ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟು ಹೇಳಿದ್ದು 2020ರ ಫೆಬ್ರವರಿಯಲ್ಲಿ. ಟೌನ್ ಹಾಲ್ ಮುಂದೆ ನಿಲ್ಲಬೇಕಾಗಿದ್ದವರಿಗೆ ಆ ದಿನವನ್ನು ಯಾರು ವಾಪಸು ಕೊಡುತ್ತಾರೆ?

ಸರ್ಕಾರದ ಕಷ್ಟ ನನಗೆ ಅರ್ಥವಾಗದೆ ಇಲ್ಲ. 2022ರ ನವೆಂಬರಿನಲ್ಲಿ ‘ಜಸ್ಟ್ ಸ್ಟಾಪ್ ಆಯಿಲ್’ನವರು ಎಂ25 ಹೆದ್ದಾರಿಯ ಮೇಲಿನ ಕಮಾನುಗಳನ್ನು ಹತ್ತಿ ಕೂತಾಗ, ಕೆಳಗೆ ಸಿಕ್ಕಿಹಾಕಿಕೊಂಡವರಲ್ಲಿ ನಾನೂ ಒಬ್ಬ. ಬಾಯಿಗೆ ಬಂದಂತೆ ಬೈದೆ. ಆಂಬುಲೆನ್ಸ್ ನಿಂತರೆ ಅದು ಗಂಭೀರವೇ. ಆದರೆ 2023ರ ಮೇ 6ರಂದು, ಚಾರ್ಲ್ಸ್ ಪಟ್ಟಾಭಿಷೇಕದ ಬೆಳಿಗ್ಗೆ, ‘ರಿಪಬ್ಲಿಕ್’ ಸಂಘಟನೆಯ ಆರು ಮಂದಿಯನ್ನು ಹಿಡಿದದ್ದು ಫಲಕಗಳನ್ನು ಕಟ್ಟಿ ತಂದಿದ್ದ ಪಟ್ಟಿಗಳಿಗಾಗಿ. ಅವುಗಳಿಂದ ತಮ್ಮನ್ನೇ ಎಲ್ಲಿಗಾದರೂ ಬಿಗಿದುಕೊಳ್ಳಬಹುದು ಎಂಬ ಅನುಮಾನ. ಆ ಅಪರಾಧವನ್ನು ಸೃಷ್ಟಿಸಿದ ಹೊಸ ಕಲಮು ಜಾರಿಗೆ ಬಂದು ಮೂರೇ ದಿನವಾಗಿತ್ತು. ಆಮೇಲೆ ಪೊಲೀಸರು ವಿಷಾದ ವ್ಯಕ್ತಪಡಿಸಿದರು, ಕೇಸು ಹಾಕಲಿಲ್ಲ. ಮೆರವಣಿಗೆ ಮಾತ್ರ ಮುಗಿದುಹೋಗಿತ್ತು.

ಇದೆಲ್ಲ ಪೇಪರಿನಲ್ಲಿ ಓದಿದ್ದು. ಮನೆಯಲ್ಲಿ ನಡೆದದ್ದು ಬೇರೆ. ಅದೇ ವರ್ಷದ ಚಳಿಗಾಲದಲ್ಲಿ ಹದಿನಾರು ವರ್ಷದ ಮಗಳು ಗೆಳತಿಯರೊಂದಿಗೆ ಲಂಡನ್ನಿನ ಒಂದು ಮೆರವಣಿಗೆಗೆ ಹೋಗುತ್ತೇನೆಂದಳು. ನಮ್ಮ ಪೌರತ್ವದ ಅರ್ಜಿ ಇನ್ನೂ ಬಾಕಿ ಇತ್ತು. ಅದರಲ್ಲಿ ‘ಸನ್ನಡತೆ’ ಎಂಬ ಷರತ್ತಿದೆ. ಸುಮ್ಮನೆ ನಡೆದು ಬಂದರೆ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು, ಆದರೂ ಬೇಡ ಎಂದೆ. ವಸೂಲಾಗದಿರಬಹುದಾದ ಸಾಲಕ್ಕೆ ಮುಂಚೆಯೇ ‘ಪ್ರಾವಿಷನ್’ ಮಾಡಿ ಅಭ್ಯಾಸ ನಮಗೆ. ಗೆರೆ ಸ್ಪಷ್ಟವಾಗಿದ್ದರೆ ಧೈರ್ಯಸ್ಥನೂ ಪುಕ್ಕಲನೂ ಅದರ ಹತ್ತಿರದವರೆಗೆ ಹೋಗಬಹುದು. ಅದು ಮಸುಕಾದರೆ ಧೈರ್ಯಸ್ಥ ಹೇಗೂ ಹೋಗುತ್ತಾನೆ, ನನ್ನಂಥವನು ಮನೆಯಿಂದಲೇ ಹೊರಡುವುದಿಲ್ಲ. ಬಂಧಿತರ ಪಟ್ಟಿಯಲ್ಲಿ ಈ ಲೆಕ್ಕ ಎಲ್ಲೂ ಕಾಣುವುದಿಲ್ಲ.

‘ನಿನ್ನನ್ನು ಯಾವ ಪೊಲೀಸ್ ತಡೆದದ್ದಪ್ಪಾ?’ ಎಂದು ಕೇಳಿದಳು.

ಉತ್ತರ ಕೊಡಲಿಲ್ಲ. ಅವಳು ಹೋಗಲಿಲ್ಲ. ಪಾಸ್‌ಪೋರ್ಟ್ ಬಂದು ವರ್ಷವಾಯಿತು. ಆಮೇಲೆ ಅವಳು ಎರಡು ಮೆರವಣಿಗೆಗಳಿಗೆ ಹೋಗಿಬಂದಳು, ನನಗೆ ಹೇಳಿದ್ದು ಬಂದಮೇಲೆ.